ಹುಯ್ದು ಹರಡುವ ಸೌರಕೋಶ

ಹೈದರಾಬಾದಿನ ಮಲ್ಕಾಜ್‌ಗಿರಿ. ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲಿನ ಹಪ್ಪಳ ನೋಡನೋಡುತ್ತ ಒಣಗುತ್ತದೆ. ಈ ಬಿಸಿಲನ್ನು ವಿದ್ಯುತ್ತಾಗಿಸುವ ಸಾವಯವ ಅಣುಗಳನ್ನು ತಯಾರಿಸುವವರು ಕೆಲವೇ ಕಿಲೋಮೀಟರ್ ದೂರದಲ್ಲಿದ್ದಾರೆ: ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ. 1944ರಲ್ಲಿ, ನಿಜಾಮರ ಕಾಲದಲ್ಲಿ, ಹುಟ್ಟಿದ ಪ್ರಯೋಗಾಲಯ ಅದು.

ಈ ಸಾವಯವ ಅಣುಗಳಲ್ಲಿ ಹಲವು ಪಾಲಿಮರುಗಳು, ಅಂದರೆ ಪ್ಲಾಸ್ಟಿಕ್ಕಿನ ಬಳಗ. ಪ್ಲಾಸ್ಟಿಕ್ಕಿನಲ್ಲಿ ಕರೆಂಟೇ? ಶಾಕ್ ಹೊಡೆಯದಿರಲೆಂದು ತಂತಿಗೆ ಹೊದಿಸುವುದೇ ಪ್ಲಾಸ್ಟಿಕ್ಕನ್ನಲ್ಲವೇ! ಆ ನಂಬಿಕೆಯನ್ನು 1977ರಲ್ಲಿ ವಿಜ್ಞಾನಿಗಳಾದ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವಾ ಮುರಿದರು. 2000ದ ರಸಾಯನಶಾಸ್ತ್ರ ನೊಬೆಲ್ ಅವರಿಗೇ ಬಂತು.

ಬೆಳಕು ಬಿದ್ದಾಗ ಪಾಲಿಮರಿನೊಳಗೆ ಎಲೆಕ್ಟ್ರಾನು, ಅದು ತೆರವು ಮಾಡಿದ ಜಾಗ ಎರಡೂ ಅಂಟಿಕೊಂಡೇ ಅಲೆಯುತ್ತವೆ. ಸುಮಾರು 10 ನ್ಯಾನೊಮೀಟರ್ ಒಳಗೆ ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಇನ್ನೊಂದು ವಸ್ತು ಎದುರಾಗಬೇಕು. ಇಲ್ಲದಿದ್ದರೆ ಜೋಡಿ ಮತ್ತೆ ಒಂದಾಗಿ, ಹಿಡಿದ ಬೆಳಕೆಲ್ಲ ದಂಡ. ಅದಕ್ಕೇ ಎರಡೂ ವಸ್ತುಗಳನ್ನು ಒಂದೇ ದ್ರಾವಣದಲ್ಲಿ ಕಲಸಿ ಹರಡುತ್ತಾರೆ, ಪೇಪರ್ ದೋಸೆ ಹುಯ್ದಂತೆ. ಪದರದ ದಪ್ಪ ಹೆಚ್ಚುಕಡಿಮೆ 100 ನ್ಯಾನೊಮೀಟರ್. ತಲೆಗೂದಲಿಗಿಂತ ನೂರಾರು ಪಟ್ಟು ತೆಳು.

1986ರಲ್ಲಿ ವಿಜ್ಞಾನಿ ಟಾಂಗ್ ಮಾಡಿದ ಎರಡು ಪದರದ ಸಾವಯವ ಕೋಶದ ದಕ್ಷತೆ ಸುಮಾರು ಶೇ. 1. 2019ರಲ್ಲಿ ಚೀನಾದಿಂದ ಬಂದ ವೈ6 ಎಂಬ ಅಣು ಅದನ್ನು 15 ದಾಟಿಸಿತು. ಈಗ ಪ್ರಯೋಗಾಲಯದ ಪುಟ್ಟ ಕೋಶಗಳು 19ನ್ನೂ ಮೀರಿವೆ.

ತೊಡಕು ಬಾಳಿಕೆಯದು. ಗಾಳಿ, ತೇವ, ಕೊನೆಗೆ ಬಿಸಿಲೇ ಈ ಪದರವನ್ನು ಕೆಡಿಸುತ್ತದೆ. ಸದ್ಯಕ್ಕೆ ಮಲ್ಕಾಜ್‌ಗಿರಿಯ ತಾರಸಿಗೆ ಸಿಲಿಕಾನ್ ಫಲಕವೇ ಸರಿ.