ಅತ್ತೆಗೆ ಮೀಸೆ ಬಂದಾಗ

‘ಅತ್ತೆಗೆ ಮೀಸೆ ಬಂದರೆ ಮಾವ ಅನ್ನಬಹುದಿತ್ತು’ ಎಂಬ ಮಾತನ್ನು ಕೇಳದ ಕನ್ನಡಿಗರು ಕಡಿಮೆ. ಆಗದ ಹೋಗದ ‘ಆದರೆ’, ‘ಹೋದರೆ’ಗಳನ್ನು ಹಿಡಿದು ಕೂತವರ ಬಾಯಿ ಮುಚ್ಚಿಸಲು ಹುಟ್ಟಿದ ಗಾದೆ ಅದು. ಗಾದೆ ಕಟ್ಟಿದವರು ಅತ್ತೆಯ ಮುಖವನ್ನು ಹತ್ತಿರದಿಂದ ನೋಡಿರಲಿಲ್ಲವೆಂದು ಕಾಣುತ್ತದೆ. ಅತ್ತೆಗೆ ಮೀಸೆ ಬರುತ್ತದೆ. ಗದ್ದದ ಮೇಲೆ ನಾಲ್ಕಾರು ಒರಟು ಕೂದಲೂ ಬರುತ್ತವೆ. ಮುಟ್ಟು ನಿಂತ ಮಹಿಳೆಯರನ್ನು ಕೇಳಿ ನಡೆಸಿದ ಬ್ರಿಟನ್ನಿನ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 39ರಷ್ಟು ಮಂದಿ ತಮ್ಮ ಮುಖದ ಮೇಲೆ ಕೂದಲು ಹೆಚ್ಚಿದೆ ಎಂದರು. ಹೆಚ್ಚಿನವರಿಗೆ ಅದು ಬಂದದ್ದು ಗದ್ದದ ಮೇಲೆ.

ಕಲಘಟಗಿ ತಾಲ್ಲೂಕಿನ ತಂಬೂರಿನಂಥ ಊರುಗಳಲ್ಲಿ ಇದನ್ನು ಮೊದಲು ಕಂಡುಹಿಡಿಯುವುದು ಸಾಮಾನ್ಯವಾಗಿ ಮೊಮ್ಮಕ್ಕಳು. ಮಧ್ಯಾಹ್ನದ ಊಟ ಮುಗಿದು, ಮನೆ ಮುಂದಿನ ಕಟ್ಟೆಯ ಮೇಲೆ ಒಬ್ಬರ ತಲೆ ಇನ್ನೊಬ್ಬರ ತೊಡೆಯ ಮೇಲಿರುವ ಹೊತ್ತು ಅದು. ತೊಡೆಯೇರಿ ಕೂತ ಮಗು ‘ಆಯಿ, ನಿನಗ ಗಡ್ಡ ಬಂದೈತಿ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿಬಿಡುತ್ತದೆ. ಎಲ್ಲರೂ ನಗುತ್ತಾರೆ, ಆಯಿಯೂ ನಗುತ್ತಾಳೆ. ಆಮೇಲೆ ಯಾರೂ ಇಲ್ಲದಾಗ ಹೊಲದಲ್ಲಿ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವ ಚಿಮಟಿಗೆಯನ್ನು ಹುಡುಕುತ್ತಾಳೆ.

ಹುಡುಕಿದರೂ ಕಷ್ಟವಿದೆ. ಚಾಳೀಸು ನಲವತ್ತಕ್ಕೇ ಬಂದಿರುತ್ತದೆ, ಗದ್ದದ ಕೂದಲು ಬರುವುದು ಐವತ್ತರ ಆಸುಪಾಸಿನಲ್ಲಿ. ಕನ್ನಡಿಯಲ್ಲಿ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಮೋತಿಬಿಂದು ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ಕನ್ನಡಿಯಲ್ಲಿ ತಮ್ಮ ಮುಖ ಕಂಡು ಬೆಚ್ಚಿದೆವೆಂದು ಹೇಳುವ ಹೆಂಗಸರಿದ್ದಾರೆ. ಕೂದಲು ಮೊದಲಿನಿಂದಲೂ ಇತ್ತು, ಕಣ್ಣು ಈಗ ಬಂದಿದೆ, ಅಷ್ಟೇ.

ಹಾಗೆ ನೋಡಿದರೆ ಹೆಣ್ಣಿನ ಮುಖದಲ್ಲಿ ಕೂದಲಿಲ್ಲದ ಕಾಲವೇ ಇಲ್ಲ. ಹುಟ್ಟಿನಿಂದಲೂ ಕೆನ್ನೆ, ಗದ್ದ, ಮೇಲ್ದುಟಿಯ ಮೇಲೆ ಬಣ್ಣವಿಲ್ಲದ ನವಿರು ಇದ್ದೇ ಇರುತ್ತದೆ. ಆ ನವಿರನ್ನು ದಪ್ಪ, ಕಪ್ಪು ಕೂದಲಾಗಿ ಬದಲಿಸುವುದು ಆಂಡ್ರೊಜೆನ್ ಎಂಬ ಗುಂಪಿನ ಹಾರ್ಮೋನುಗಳು. ಟೆಸ್ಟೋಸ್ಟೆರಾನ್ ಅದರಲ್ಲಿ ಹೆಸರುವಾಸಿ. ಇವನ್ನು ‘ಗಂಡು ಹಾರ್ಮೋನು’ ಎಂದು ಕರೆಯುವುದು ರೂಢಿಯಾದರೂ ಪ್ರತಿ ಹೆಣ್ಣಿನ ಅಂಡಾಶಯವೂ, ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯೂ ಇವನ್ನು ಸ್ವಲ್ಪ ಸ್ವಲ್ಪ ಸುರಿಸುತ್ತಲೇ ಇರುತ್ತವೆ. ಮುಟ್ಟು ಇರುವಷ್ಟು ಕಾಲ ‘ಹೆಣ್ಣು ಹಾರ್ಮೋನು’ ಎನ್ನುವ ಈಸ್ಟ್ರೋಜೆನ್ನಿನ ಕೈ ಮೇಲಿರುತ್ತದೆ. ಭಾರತದ ಮಹಿಳೆಯರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46ರ ಸುಮಾರಿಗೆ. ಆಗ ಈಸ್ಟ್ರೋಜೆನ್ ಥಟ್ಟನೆ ಇಳಿಯುತ್ತದೆ, ಆಂಡ್ರೊಜೆನ್ ಅಷ್ಟು ಬೇಗ ಇಳಿಯುವುದಿಲ್ಲ. ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನೂ ಕಡಿಮೆಯಾಗುವುದರಿಂದ ಅದಕ್ಕೆ ಲಗಾಮು ಸಡಿಲವಾಗುತ್ತದೆ. ತಕ್ಕಡಿ ವಾಲಿದ್ದಕ್ಕೆ ಸಾಕ್ಷಿ ಗದ್ದದ ಮೇಲೆ ಮೂಡುತ್ತದೆ. ತೂಕ ಹೆಚ್ಚಿ ಸಕ್ಕರೆ ಕಾಯಿಲೆಯೂ ಸೇರಿಕೊಂಡವರಲ್ಲಿ ಇನ್ಸುಲಿನ್ ಏರಿ ಇದು ಇನ್ನಷ್ಟು ಹೆಚ್ಚಬಹುದು.

ಇದೇ ಆಂಡ್ರೊಜೆನ್ ನೆತ್ತಿಯ ಮೇಲೆ ಮಾಡುವ ಕೆಲಸ ಮಾತ್ರ ಉಲ್ಟಾ. ಅಲ್ಲಿ ದಪ್ಪ ಕೂದಲನ್ನು ನವಿರಾಗಿಸಿ ಬೈತಲೆಯನ್ನು ಅಗಲ ಮಾಡುತ್ತದೆ. ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಉಂಟು.

ಈಗ ಬ್ಲೇಡಿನ ವಿಷಯಕ್ಕೆ ಬರೋಣ, ಏಕೆಂದರೆ ಹಳ್ಳಿಯ ಹೆಂಗಸರಲ್ಲಿ ಇರುವ ಅತಿದೊಡ್ಡ ಹೆದರಿಕೆ ಅದೇ. ‘ಒಮ್ಮೆ ಬ್ಲೇಡ್ ಹಚ್ಚಿದ್ರ ಮುಗೀತವ್ವ, ಗಂಡಸರಂಗ ಬರ್ತೈತಿ.’ ಇದು ಸುಳ್ಳು ಎಂದು ತೋರಿಸಿ ಸುಮಾರು ನೂರು ವರ್ಷವಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನ ಮಾನವಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ ಗಂಡಸರ ಗಡ್ಡವನ್ನೇ ಅಳೆದು ನೋಡಿ, ಬೋಳಿಸಿದ ಮಾತ್ರಕ್ಕೆ ಕೂದಲು ದಪ್ಪವೂ ಆಗುವುದಿಲ್ಲ, ಬೇಗನೆಯೂ ಬೆಳೆಯುವುದಿಲ್ಲ ಎಂದು 1928ರಲ್ಲಿ ಬರೆದಳು. 1970ರಲ್ಲಿ ಇನ್ನಿಬ್ಬರು ಸಂಶೋಧಕರು ಐವರು ಯುವಕರಿಗೆ ಒಂದು ಕಾಲನ್ನು ಮಾತ್ರ ವಾರವಾರ ಬೋಳಿಸಲು ಹೇಳಿ, ಕೆಲವು ತಿಂಗಳ ನಂತರ ಎರಡೂ ಕಾಲು ಹೋಲಿಸಿದರು. ವ್ಯತ್ಯಾಸ ಸಿಗಲಿಲ್ಲ. ಕೂದಲಿನ ಜೀವವಿರುವುದು ಚರ್ಮದ ಒಳಗಿನ ಬುಡದಲ್ಲಿ, ಬ್ಲೇಡಿಗೆ ಸಿಗುವುದು ಮೇಲಿನ ಸತ್ತ ಎಳೆ. ಮತ್ತೆ ಬಂದಾಗ ಒರಟೆನಿಸುವುದು ನವಿರಾದ ತುದಿ ಹೋಗಿ ಮೊಂಡು ತುದಿ ಕೈಗೆ ತಾಗುವುದರಿಂದ. ಜೋಳದ ದಂಟನ್ನು ಕೊಯ್ದ ಮೇಲೆ ಉಳಿದ ಕೂಳೆ ಕಾಲಿಗೆ ಚುಚ್ಚುವುದಿಲ್ಲವೇ, ಹಾಗೆ. ಮುಖಕ್ಕೆಂದೇ ಮಾಡಿದ ಸಣ್ಣ ರೇಜರು ಈಗ ಅಂಗಡಿಗಳಲ್ಲಿ ಸಿಗುತ್ತದೆ. ನೋವಿಲ್ಲದ, ಅಗ್ಗದ ದಾರಿ ಅದು.

ನಾಲ್ಕಾರು ಎಳೆಗಳಿಗಾದರೆ ಚಿಮಟಿಗೆಯೇ ಸಾಕು. ಆದರೆ ಮುಳ್ಳಿನ ಚಿಮಟಿಗೆ ಬೇಡ, ಬೇರೆಯದು ಇಟ್ಟುಕೊಳ್ಳಬೇಕು. ಬಿಸಿನೀರಲ್ಲಿ ತೊಳೆದು, ಬೆಳೆದ ದಿಕ್ಕಿಗೇ ಎಳೆಯಬೇಕು. ಅಡ್ಡಾದಿಡ್ಡಿ ಕಿತ್ತರೆ ಕೂದಲು ಒಳಗೇ ತುಂಡಾಗಿ ಗುಳ್ಳೆ ಏಳುತ್ತದೆ. ನಮ್ಮ ಕಂದು ಚರ್ಮದಲ್ಲಿ ಗುಳ್ಳೆ ಮಾಯ್ದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಶುಗರ್ ಇದ್ದವರು ಗುಳ್ಳೆಯನ್ನು ಲಘುವಾಗಿ ಎಣಿಸಬಾರದು.

ಮೇಲ್ದುಟಿಯ ತುಂಬ ಇದ್ದರೆ ಕಲಘಟಗಿಯಲ್ಲೋ ಹುಬ್ಬಳ್ಳಿಯಲ್ಲೋ ಬ್ಯೂಟಿ ಪಾರ್ಲರಿನ ಥ್ರೆಡ್ಡಿಂಗ್ ಇದೆ. ಹುರಿ ಮಾಡಿದ ನೂಲಿನ ಸುರುಳಿಯಲ್ಲಿ ಕೂದಲನ್ನು ಸಿಕ್ಕಿಸಿ ಕೀಳುವ ಈ ವಿದ್ಯೆ ಪರ್ಷಿಯಾ, ಅರಬ್ ನಾಡು, ಭಾರತಗಳಲ್ಲಿ ಬಹಳ ಹಳೆಯದು. ಮೂರ್ನಾಲ್ಕು ವಾರ ಬಾಳುತ್ತದೆ. ವ್ಯಾಕ್ಸಿಂಗ್ ವಯಸ್ಸಾದವರಿಗೆ ಅಷ್ಟು ಹಿತವಲ್ಲ, ತೆಳುವಾದ ಚರ್ಮ ಮೇಣದ ಜೊತೆಗೇ ಕಿತ್ತು ಬರಬಹುದು. ಕೂದಲು ಕರಗಿಸುವ ಕ್ರೀಮು ಹಚ್ಚುವವರು ಮೊದಲು ಮೊಣಕೈ ಒಳಮೈಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯುವುದು ಒಳ್ಳೆಯದು. ಈ ಕರಗಿಸುವ ಉಪಾಯವೂ ಹೊಸದಲ್ಲ. ಗಾಯದ ಸುತ್ತಲಿನ ಕೂದಲು ತೆಗೆಯಲು ಶಂಖದ ಚೂರ್ಣ ಮತ್ತು ಹರಿತಾಳದ ಲೇಪವನ್ನು ಸುಶ್ರುತ ಸಂಹಿತೆ ಹೇಳಿದೆ. ಹರಿತಾಳವೆಂದರೆ ಆರ್ಸೆನಿಕ್ ಇರುವ ಖನಿಜ. ಓದಿ ಬೆರಗಾಗುವುದಕ್ಕೆ ಅದು ಸರಿ, ಮನೆಯಲ್ಲಿ ಮಾಡಿ ನೋಡುವುದಕ್ಕಲ್ಲ.

ಹುಬ್ಬಳ್ಳಿ-ಧಾರವಾಡದ ಗೋಡೆಗಳ ಮೇಲೆ ಲೇಸರ್ ಚಿಕಿತ್ಸೆಯ ಜಾಹೀರಾತು ನೋಡಿ ‘ಕಾಯಂ ಹೋಗ್ತೈತಂತ’ ಎಂದು ಆಸೆಪಡುವವರು ಎರಡು ಸಂಗತಿ ತಿಳಿದಿರಬೇಕು. ಲೇಸರ್ ಗುರಿ ಇಡುವುದು ಕೂದಲಿನ ಕಪ್ಪು ಬಣ್ಣಕ್ಕೆ. ಬೆಳ್ಳಗಾದ ಕೂದಲು ಅದಕ್ಕೆ ಕಾಣುವುದೇ ಇಲ್ಲ. ಅಂದರೆ ಅರವತ್ತೈದರ ಅಜ್ಜಿಯ ಬಿಳಿ ಎಳೆಗೆ ಎಷ್ಟು ಸಿಟ್ಟಿಂಗ್ ಕೊಟ್ಟರೂ ದುಡ್ಡು ದಂಡ. ಬಿಳಿ ಕೂದಲಿಗೆ ಕೆಲಸ ಮಾಡುವುದು ಎಲೆಕ್ಟ್ರಾಲಿಸಿಸ್. ಒಂದೊಂದು ಬುಡಕ್ಕೂ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸುವ ಈ ವಿಧಾನವನ್ನು ಚಾರ್ಲ್ಸ್ ಮಿಶೆಲ್ ಎಂಬ ಕಣ್ಣಿನ ವೈದ್ಯ, ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲಿಗೆಂದು 1875ರಲ್ಲಿ ಹೇಳಿದ. ಅದಕ್ಕೆ ಸಮಯ ಬೇಕು, ತಾಳ್ಮೆ ಬೇಕು, ಕೈ ಪಳಗಿದವರು ಬೇಕು.

ಎರಡನೆಯ ಸಂಗತಿ ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳಿಗೇ ಸಂಬಂಧಿಸಿದ್ದು. ಅನೇಕರ ಗದ್ದದ ಮೇಲೆ ಎಳೆಯ ವಯಸ್ಸಿನಲ್ಲಿ ಹಾಕಿಸಿಕೊಂಡ ಹಸಿರು ಹಚ್ಚೆಯ ಚುಕ್ಕೆಗಳಿವೆ. ಲೇಸರಿನ ಕಣ್ಣಿಗೆ ಹಚ್ಚೆಯ ಬಣ್ಣವೂ ಬಣ್ಣವೇ. ಹಚ್ಚೆಯ ಮೇಲೆ ಕೂದಲಿನ ಲೇಸರ್ ಹಾಯಿಸಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಹಚ್ಚೆ ಇದೆ ಎಂದು ಮೊದಲೇ ಹೇಳಬೇಕು, ಆ ಜಾಗ ಬಿಟ್ಟೇ ಮಾಡಿಸಬೇಕು. ವಿದೇಶಿ ಪುಸ್ತಕ ನೋಡಿ ಬರೆದ ಸೌಂದರ್ಯ ಸಲಹೆಗಳಲ್ಲಿ ಅಜ್ಜಿಯ ಹಚ್ಚೆಗೆ ಜಾಗವಿರುವುದಿಲ್ಲ.

ಎಫ್ಲಾರ್ನಿಥಿನ್ ಎಂಬ ಕ್ರೀಮೂ ಒಂದಿದೆ. ಅದು ಕೂದಲನ್ನು ತೆಗೆಯುವುದಿಲ್ಲ, ಬೆಳವಣಿಗೆಯನ್ನು ನಿಧಾನಿಸುತ್ತದೆ. ಎರಡು ತಿಂಗಳು ತಪ್ಪದೆ ಹಚ್ಚಿದರೆ ಗುಣ ಕಾಣುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತೆ. ಇದರ ಕಥೆ ವಿಚಿತ್ರ. ಮೊದಲು ಇದು ಆಫ್ರಿಕಾದ ನಿದ್ರಾರೋಗಕ್ಕೆ ಕೊಡುತ್ತಿದ್ದ ಮದ್ದು. ಬಡ ರೋಗಿಗಳಿಂದ ಲಾಭವಿಲ್ಲವೆಂದು ಅದರ ತಯಾರಿಕೆ ನಿಂತಿತ್ತು. 2000ದಲ್ಲಿ ಅದೇ ಮದ್ದು ಹೆಂಗಸರ ಮುಖದ ಕೂದಲಿನ ಕ್ರೀಮಾಗಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಗಲಾಟೆಯೆದ್ದ ಮೇಲೆ, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಒಪ್ಪಂದವಾಗಿ ನಿದ್ರಾರೋಗಿಗಳಿಗೂ ಮತ್ತೆ ಸಿಗತೊಡಗಿತು.

ಇಷ್ಟೆಲ್ಲ ತಾಪತ್ರಯ ಏಕೆ, ಇದ್ದರೆ ಇರಲಿ ಬಿಡಿ ಎನ್ನಬಹುದು. ಬೇಕೆಂದವರು ಬಿಡಲಿ. ಹತ್ತೊಂಬತ್ತನೆಯ ಶತಮಾನದ ಇರಾನಿನಲ್ಲಿ, ಖಾಜಾರ್ ದೊರೆಗಳ ಕಾಲಕ್ಕೆ, ಹೆಣ್ಣಿನ ಮೇಲ್ದುಟಿಯ ನವಿರು ಮೀಸೆ ಚೆಲುವಿನ ಗುರುತಾಗಿತ್ತು. ಆಗಿನ ಚಿತ್ರಗಳಲ್ಲಿ ಸುಂದರಿಯರಿಗೆ ಮೀಸೆ ಬರೆದಿದ್ದಾರೆ. ನಮ್ಮಲ್ಲಿ ಹಾಗಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿ ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲು ಬಂದ ಹುಡುಗಿಯ ಫೋಟೊ ನೋಡಿ, ಅಂಕ ಬಿಟ್ಟು ಅವಳ ಮುಖದ ಕೂದಲನ್ನು ಆಡಿಕೊಂಡ ದೇಶ ಇದು. ‘ಗಂಡುಬೀರಿ’ ಎಂಬ ಬೈಗುಳವಂತೂ ಸದಾ ನಾಲಿಗೆಯ ತುದಿಯಲ್ಲಿರುತ್ತದೆ. ಮುಖದ ಕೂದಲಿನಿಂದ ತೊಂದರೆಪಡುತ್ತಿದ್ದ 88 ಬ್ರಿಟಿಷ್ ಮಹಿಳೆಯರನ್ನು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾತಾಡಿಸಿತು. ಅವರು ಅದಕ್ಕಾಗಿ ವಾರಕ್ಕೆ ಸರಾಸರಿ 104 ನಿಮಿಷ ಕಳೆಯುತ್ತಿದ್ದರು. ನಾಲ್ವರಲ್ಲಿ ಮೂವರಿಗೆ ವೈದ್ಯರು ಗಮನಿಸಬೇಕಾದಷ್ಟು ಆತಂಕವಿತ್ತು.

ಎಳೆಯರಿಗಾದರೆ ಈ ಸಂಕಟ ಹೇಳಿಕೊಳ್ಳಲು ‘ಲಗ್ನ ಆಗಬೇಕಲ್ಲ’ ಎಂಬ ನೆಪವಾದರೂ ಉಂಟು. ಐವತ್ತು ದಾಟಿದವಳು ಬಾಯಿಬಿಟ್ಟರೆ ‘ಈ ವಯಸ್ಸಿನಾಗ ಇದೆಲ್ಲ ಯಾಕ ಬೇಕವ್ವ ನಿನಗ’ ಎಂಬ ಉತ್ತರ ಮನೆಯಲ್ಲೇ ಕಾದಿರುತ್ತದೆ. ಅದೇ ಮನೆಯ ಗಂಡಸು ಎಂಬತ್ತರಲ್ಲೂ ವಾರಕ್ಕೊಮ್ಮೆ ಕಟಿಂಗ್ ಅಂಗಡಿಗೆ ಹೋಗಿ ದಾಡಿ ಮಾಡಿಸಿಕೊಂಡು ಬರುತ್ತಾನೆ, ಅವನನ್ನು ಯಾರೂ ಏಕೆ ಎಂದು ಕೇಳುವುದಿಲ್ಲ.

ಈ ಗುಟ್ಟಿನಿಂದ ದೊಡ್ಡ ಹಾನಿ ಆಗುವುದು ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ. ಬಂಗಿಗೆ, ಕಪ್ಪು ಕಲೆಗೆ, ಬೆಳ್ಳಗಾಗಲು ಎಂದು ಯಾರೋ ಹೇಳಿದ ಟ್ಯೂಬನ್ನು ಚೀಟಿಯಿಲ್ಲದೆ ತಂದು ವರ್ಷಗಟ್ಟಲೆ ಹಚ್ಚುವವರಿದ್ದಾರೆ. ಇಂಥ ಅನೇಕ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪೇರುತ್ತದೆ, ಬಿಸಿಲಿಗೆ ಉರಿಯುತ್ತದೆ, ಕೆನ್ನೆ-ಗದ್ದದ ಮೇಲೆ ಕೂದಲು ಒತ್ತಾಗಿ ಬೆಳೆಯುತ್ತದೆ. ಕೂದಲು ಬಂತೆಂದು ಅದೇ ಕ್ರೀಮನ್ನು ಇನ್ನಷ್ಟು ಹಚ್ಚುವುದೂ ಉಂಟು! ಚರ್ಮವೈದ್ಯರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರ ಮಾರ್ಚಿನಲ್ಲಿ ಲೇಪಿಸುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶ ಹೊರಡಿಸಿತು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್.

ಮುಟ್ಟು ನಿಂತ ಮೇಲೆ ವರ್ಷಗಳ ಕಾಲ ನಿಧಾನಕ್ಕೆ ಬಂದ ಕೂದಲು ಕಾಯಿಲೆಯಲ್ಲ. ಆದರೆ ಕೆಲವೇ ತಿಂಗಳಲ್ಲಿ ದಟ್ಟವಾಗಿ ಬಂದರೆ, ಜೊತೆಗೆ ದನಿ ಗಡುಸಾದರೆ, ಗಂಡಸರಂತೆ ಹಣೆಯ ಇಕ್ಕೆಲ ಬೋಳಾದರೆ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕರೆ, ಮುಖ ಉಬ್ಬಿ ಹೊಟ್ಟೆಯ ಮೇಲೆ ನೇರಳೆ ಗೆರೆ ಮೂಡಿದರೆ ಚಿಮಟಿಗೆ ಕೆಳಗಿಟ್ಟು ಆಸ್ಪತ್ರೆಗೆ ಹೋಗಬೇಕು. ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಅಪರೂಪ, ಆದರೆ ಅದು ಕೂಗಿ ಹೇಳುವುದು ಹೀಗೆಯೇ. ರಕ್ತದ ಟೆಸ್ಟೋಸ್ಟೆರಾನ್ ಪರೀಕ್ಷೆ ಮತ್ತು ಒಂದು ಸ್ಕ್ಯಾನಿನಿಂದ ಬಹಳಷ್ಟು ತಿಳಿಯುತ್ತದೆ. ಕೂದಲು ಉದುರದಿರಲೆಂದು ಮಿನಾಕ್ಸಿಡಿಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ಮುಖದ ಮೇಲೆ ಕೂದಲು ಬರಬಹುದು, ಅದನ್ನೂ ವೈದ್ಯರಿಗೆ ಹೇಳಬೇಕು.

ತಂಬೂರಿನವರಿಗೆ ಕಲಘಟಗಿಯ ತಾಲ್ಲೂಕು ಆಸ್ಪತ್ರೆ ಹತ್ತಿರ. ಚರ್ಮದ ವೈದ್ಯರು ಬೇಕೆಂದರೆ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಸರ್ಕಾರಿ ದೊಡ್ಡಾಸ್ಪತ್ರೆಯಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಖರ್ಚೂ ಇಲ್ಲ. ಹೋಗುವಾಗ ಮನೆಯಲ್ಲಿ ಹಚ್ಚುತ್ತಿರುವ ಟ್ಯೂಬನ್ನು ಎಸೆಯಬೇಡಿ, ಒಮ್ಮೆಲೇ ನಿಲ್ಲಿಸಲೂಬೇಡಿ. ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ಮುಖ ಕೆಂಡದಂತೆ ಉರಿಯುತ್ತದೆ. ಹೇಗೆ ಬಿಡಬೇಕೆಂದು ವೈದ್ಯರೇ ಹೇಳುತ್ತಾರೆ. ಟ್ಯೂಬನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ತೋರಿಸಿ.