ಮನೋಚಿಕಿತ್ಸಕನೂ ರೋಗಿಯೂ

ಜ್ವರ ಬಂದವನಿಗೆ ವೈದ್ಯನು ಗುಳಿಗೆ ಕೊಡುತ್ತಾನೆ. ವೈದ್ಯನ ಸ್ವಭಾವವು ರೋಗಿಗೆ ಹಿಡಿಸದಿದ್ದರೂ ಗುಳಿಗೆ ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಿಯೇ ತೀರುವುದು. ಮನೋಚಿಕಿತ್ಸೆಯ ರೀತಿ ಬೇರೆ. ಅಲ್ಲಿ ಮಾತೇ ಮದ್ದು. ಕೇಳುವವನಲ್ಲಿ ನಂಬಿಕೆಯಿಲ್ಲದಿದ್ದರೆ ರೋಗಿಯ ಅಂತರಂಗದ ಮಾತು ಹೊರಬರುವುದೇ ಇಲ್ಲ. ಹೀಗಿರುವಾಗ ಇವರಿಬ್ಬರ ನಡುವೆ ಬೆಳೆಯುವ ಸಂಬಂಧವು ಚಿಕಿತ್ಸೆಗೆ ಬರಿಯ ಹಿನ್ನೆಲೆಯೋ, ಅಥವಾ ಚಿಕಿತ್ಸೆಯದೇ ಒಂದು ಅಂಗವೋ?

ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡನು ಈ ಪ್ರಶ್ನೆಯನ್ನು ಸೋಲಿನ ಮೂಲಕ ಎದುರಿಸಬೇಕಾಯಿತು. 1900ರ ಅಕ್ಟೋಬರಿನಲ್ಲಿ ಸುಮಾರು ಹದಿನೆಂಟು ವರ್ಷದ ತರುಣಿಯೊಬ್ಬಳು ಅವನಲ್ಲಿ ಚಿಕಿತ್ಸೆಗೆ ಬಂದಳು. ಆಕೆಗೆ ಕೆಮ್ಮು, ಆಗಾಗ ಸ್ವರವೇ ಉಡುಗಿಹೋಗುತ್ತಿತ್ತು. ಫ್ರಾಯ್ಡನು ತನ್ನ ಬರಹದಲ್ಲಿ ಆಕೆಗೆ 'ಡೋರಾ' ಎಂಬ ಹೆಸರನ್ನು ಕೊಟ್ಟಿದ್ದಾನೆ. ತಂದೆಯ ಸ್ನೇಹಿತನು ತನ್ನೊಡನೆ ಅನುಚಿತವಾಗಿ ವರ್ತಿಸಿದನೆಂದು ಆಕೆ ಹೇಳಿದಾಗ ತಂದೆ ನಂಬಿರಲಿಲ್ಲ. ಫ್ರಾಯ್ಡನೇನೋ ನಂಬಿದನು; ಆದರೆ ಆ ಮನುಷ್ಯನಲ್ಲಿ ಆಕೆಗೇ ಗುಪ್ತಾನುರಾಗವಿದೆಯೆಂದು ಮತ್ತೆ ಮತ್ತೆ ವಾದಿಸಿದನು. ಡಿಸೆಂಬರ್ 31ರಂದು, ಅದೇ ಕೊನೆಯ ಭೇಟಿಯೆಂದು ತಿಳಿಸಿ ಡೋರಾ ಹೊರಟುಹೋದಳು.

ಈ ವೃತ್ತಾಂತವನ್ನು 1905ರಲ್ಲಿ ಪ್ರಕಟಿಸಿದಾಗ ಫ್ರಾಯ್ಡನು ತಾನು ಎಡವಿದ್ದೆಲ್ಲಿ ಎಂಬುದನ್ನು ಒಪ್ಪಿಕೊಂಡನು. ಬಾಳಿನಲ್ಲಿ ಹಿಂದೆ ಬಂದವರ ಮೇಲಿನ ಪ್ರೀತಿ, ಕೋಪ, ಭಯಗಳನ್ನು ರೋಗಿಯು ತನಗರಿವಿಲ್ಲದೆಯೇ ಚಿಕಿತ್ಸಕನ ಮೇಲೆ ಹೊರಿಸುವುದುಂಟು. ಇದನ್ನು 'ಭಾವಸಂಕ್ರಮಣ' ಎನ್ನಬಹುದು. ಡೋರಾಳಲ್ಲಿ ಇದನ್ನು ತಾನು ಸಕಾಲದಲ್ಲಿ ಗುರುತಿಸಲಿಲ್ಲವೆಂಬುದು ಅವನ ವಿವರಣೆ. ಆದರೆ ಆಕೆಯ ಸಿಟ್ಟಿಗೆ ಚಿಕಿತ್ಸಕನ ಹಟವೂ ಕಾರಣವಾಗಿತ್ತೆಂದು ಮುಂದಿನವರು ಟೀಕಿಸಿದ್ದಾರೆ.

ಅಮೆರಿಕದ ಕಾರ್ಲ್ ರೋಜರ್ಸನು 1957ರಲ್ಲಿ ಚಿಕಿತ್ಸಕನ ಕಡೆಗೇ ದೃಷ್ಟಿ ಹೊರಳಿಸಿದನು. ನಿಷ್ಕಪಟತೆ, ಷರತ್ತಿಲ್ಲದ ಆದರ, ರೋಗಿಯ ಅನುಭವವನ್ನು ಒಳಹೊಕ್ಕು ತಿಳಿಯುವ ಶಕ್ತಿ—ಇವು ಅವನಲ್ಲಿ ಇರಲೇಬೇಕೆಂದನು. 1979ರಲ್ಲಿ ಎಡ್ವರ್ಡ್ ಬಾರ್ಡಿನ್ ಈ ಸಂಬಂಧದಲ್ಲಿ ಮೂರು ಎಳೆಗಳನ್ನು ಗುರುತಿಸಿದನು: ಗುರಿಯಲ್ಲಿ ಒಮ್ಮತ, ಮಾಡಬೇಕಾದ ಕಾರ್ಯದಲ್ಲಿ ಒಮ್ಮತ, ಪರಸ್ಪರ ವಿಶ್ವಾಸ.

ಇದನ್ನು ಅಳೆಯಲೂ ಸಾಧ್ಯವಾಗಿದೆ. 30,000ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ 295 ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸಂಬಂಧವು ಗಟ್ಟಿಯಾದಲ್ಲಿ ಗುಣವೂ ಹೆಚ್ಚೆಂಬುದು ಕಂಡುಬಂದಿತು. ರೋಗಿಯಿಂದ ರೋಗಿಗೆ ಫಲದಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಇದರೊಡನೆ ಹೊಂದಿಕೊಂಡಿದೆ. ಪಾಲು ಚಿಕ್ಕದಾದರೂ ಚಿಕಿತ್ಸೆಯ ಪದ್ಧತಿ ಯಾವುದೇ ಇರಲಿ, ಇದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಗುಣ ಕಂಡವನಿಗೆ ಚಿಕಿತ್ಸಕನಲ್ಲಿ ವಿಶ್ವಾಸ ಹೆಚ್ಚುವುದೂ ಸಹಜವೆಂಬುದನ್ನು ಇಲ್ಲಿ ಮರೆಯಬಾರದು.

ಸಂಬಂಧದ ರೂಪವು ಎಲ್ಲ ನಾಡುಗಳಲ್ಲಿಯೂ ಒಂದೇ ಆಗಿರಬೇಕಾಗಿಲ್ಲ. ನಮ್ಮಲ್ಲಿ ರೋಗಿಯು ಹಿರಿಯರ ಮಾರ್ಗದರ್ಶನವನ್ನು ನಿರೀಕ್ಷಿಸಿ ಬರುವುದುಂಟು. ಮನೋವೈದ್ಯ ಜೆ. ಎಸ್. ನೇಕಿಯವರು 1973ರಲ್ಲಿ ಗುರುಶಿಷ್ಯ ಸಂಬಂಧವನ್ನೇ ಮನೋಚಿಕಿತ್ಸೆಗೆ ಒಂದು ಮಾದರಿಯಾಗಿ ಪರಿಶೀಲಿಸಿದರು. ಆದರೆ ಗುರುವಿನಲ್ಲಿ ಇಡುವ ನಂಬಿಕೆ ದೊಡ್ಡದಾದಷ್ಟೂ ಅದರ ದುರುಪಯೋಗದ ಭಯವೂ ದೊಡ್ಡದು. ಆದುದರಿಂದಲೇ ಚಿಕಿತ್ಸಕನು ರೋಗಿಯ ಗುಟ್ಟನ್ನು ಕಾಯಬೇಕು. ರೋಗಿಯೊಡನೆ ಪ್ರಣಯವು ಅವನಿಗೆ ನಿಷಿದ್ಧ.

ಎಷ್ಟೇ ಒಳ್ಳೆಯ ಸಂಬಂಧದಲ್ಲಿಯೂ ಮನಸ್ತಾಪ ಬರಬಹುದು. "ನಿಮ್ಮ ಮಾತಿನಿಂದ ನನಗೆ ನೋವಾಯಿತು" ಎಂದು ರೋಗಿಯು ಹೇಳಿದಾಗ ಚಿಕಿತ್ಸಕನು ಸಿಟ್ಟಾಗದೆ ಕೇಳಿ, ತನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡರೆ, ಮುರಿದದ್ದನ್ನು ಕೂಡಿಸಬಹುದೆಂಬ ಅನುಭವ ರೋಗಿಗೆ ದೊರೆಯುವುದು. ಅಂತಹ ಅನುಭವವನ್ನು ಬಾಳಿನಲ್ಲಿ ಎಂದೂ ಕಾಣದವನಿಗೆ ಅದೇ ಒಂದು ಚಿಕಿತ್ಸೆ. ಡೋರಾಳಿಗೆ ದೊರೆಯದೆ ಹೋದದ್ದು ಅದೇ.