ದುಡಿಯುವ ತರುಣರೂ ಇಂಗ್ಲಿಷ್ ಬರವಣಿಗೆಯೂ

ಸಿಕಂದರಾಬಾದಿನ ಹೋಟೆಲುಗಳಲ್ಲಿಯೂ ಕಛೇರಿಗಳಲ್ಲಿಯೂ ದುಡಿಯುವ ಕನ್ನಡ ಬಂಧುಗಳಲ್ಲನೇಕರು ಹೈಸ್ಕೂಲಿನ ನಡುವೆಯೇ ಪುಸ್ತಕ ಮಡಚಿಟ್ಟು ರೈಲು ಹತ್ತಿದವರು. ಅವರಿಗೆ ಇಂಗ್ಲಿಷ್ ಬಾರದೆನ್ನುವುದು ಸರಿಯಲ್ಲ. ಗಿರಾಕಿಗಳೊಡನೆ ನಾಲ್ಕು ಮಾತನಾಡಬಲ್ಲರು. ಬಿಲ್ಲು, ಬೋರ್ಡು, ಔಷಧದ ಚೀಟಿ ಓದಬಲ್ಲರು. ತೊಡಕೆಲ್ಲ ಬರೆಯುವಲ್ಲಿದೆ. ಬ್ಯಾಂಕಿಗೊಂದು ಅರ್ಜಿ, ಭವಿಷ್ಯನಿಧಿಯ ಕಛೇರಿಗೊಂದು ದೂರು, ಮಗನ ಶಾಲೆಗೊಂದು ಕಾಗದ ಬೇಕಾದರೆ ಇನ್ನೊಬ್ಬರ ಮುಂದೆ ನಿಲ್ಲಬೇಕು. ಹಾಗೆ ಬರೆಯಿಸಿಕೊಂಡು ಕೆಳಗೆ ರುಜು ಹಾಕುವಾತನಿಗೆ, ತನ್ನ ಹೆಸರಿನಲ್ಲಿ ಹೋದ ಮಾತು ಯಾವುದೆಂಬುದೇ ಪೂರ್ತಿ ತಿಳಿಯದು.

ಇಂಥವರಿಗೆ ಶಾಲೆಯ ಬಾಗಿಲು ಮುಚ್ಚಿಲ್ಲ. 1979ರಲ್ಲಿ ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಳಿಯ ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು 14 ವರ್ಷ ತುಂಬಿದವರನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ಸೇರಿಸಿಕೊಳ್ಳುತ್ತದೆ, ವಯಸ್ಸಿಗೆ ಮೇಲ್ಮಿತಿಯಿಲ್ಲ. ಐದು ವಿಷಯಗಳನ್ನು ಐದು ವರ್ಷಗಳೊಳಗೆ ಒಂದೊಂದಾಗಿ ಮುಗಿಸಬಹುದು. ಎರಡು ಭಾಷೆಗಳಿಗೆ ಅವಕಾಶವಿರುವುದರಿಂದ ಕನ್ನಡವನ್ನೂ ಇಂಗ್ಲಿಷನ್ನೂ ಜೊತೆಯಾಗಿ ಆರಿಸಿಕೊಳ್ಳಬಹುದು. ಇದೇ ಸಂಸ್ಥೆಯು ಹನ್ನೆರಡನೆಯ ತರಗತಿಯ ಇಂಗ್ಲಿಷಿನಲ್ಲಿ ಸ್ವಾಗತಕಾರರ ಇಂಗ್ಲಿಷ್, ಕಛೇರಿ ಬಳಕೆಯ ಇಂಗ್ಲಿಷ್ ಎಂಬ ಐಚ್ಛಿಕ ಭಾಗಗಳನ್ನಿರಿಸಿತ್ತು. ಹೋಟೆಲಿನವರನ್ನೂ ಗುಮಾಸ್ತರನ್ನೂ ಎದುರಿಗೆ ಕೂರಿಸಿಕೊಂಡೇ ಪಠ್ಯ ಬರೆದರೋ ಎನ್ನಿಸುವಂತಿದೆ!

ಮುಂಬಯಿಯ ನಮ್ಮವರು ಇದಕ್ಕೆ ಬಹಳ ಹಿಂದೆಯೇ ದಾರಿ ಹಾಕಿದ್ದರು. ಮೊಗವೀರ ಸಮಾಜದವರು ಅಲ್ಲಿ 1908ರಲ್ಲಿಯೇ ರಾತ್ರಿ ಶಾಲೆ ತೆರೆದರು. ಹಗಲೆಲ್ಲ ಲೋಟ ತೊಳೆದ ಹುಡುಗರು ಅಂಥ ಶಾಲೆಗಳಲ್ಲಿ ಕುಳಿತು ಓದಿ ಗುಮಾಸ್ತರಾದರು, ಕೆಲವರು ವಕೀಲರೂ ಆದರು.

ಆದರೆ ಪರೀಕ್ಷೆಗಾಗಿ ಗೈಡು ಕೊಂಡು, ಹಸುವಿನ ಮೇಲೊಂದು, ದೀಪಾವಳಿಯ ಮೇಲೊಂದು ಪ್ರಬಂಧ ಬಾಯಿಪಾಠ ಮಾಡುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಇಪ್ಪತ್ತೈದರ ತರುಣನು ಹನ್ನೆರಡರ ಬಾಲಕನಲ್ಲ. ಅವನಿಗೆ ಹೇಳಲು ಬೇಕಾದಷ್ಟಿದೆ. ನೂರು ಜನರ ಸಾರಿಗೆ ಬೇಳೆ ಎಷ್ಟು, ಹಿಟ್ಟು ಮಳೆಗಾಲದಲ್ಲಿ ಏಕೆ ತಡವಾಗಿ ಹುಳಿ ಬರುತ್ತದೆ, ಮುನಿದ ಗಿರಾಕಿಯನ್ನು ಸಮಾಧಾನಪಡಿಸಿದ ಬಗೆ ಹೇಗೆ, ಇವನ್ನು ಐದೈದು ವಾಕ್ಯಗಳಲ್ಲಿ ಬರೆಯಿಸಬೇಕು. ಕ್ರಿಯಾಪದ ತಪ್ಪಿದರೆ ತಿದ್ದೋಣ. ಮೊದಲು ಮಾತು ಅವನದಾಗಿರಲಿ. ವ್ಯಾಕರಣ ಪೂರ್ತಿ ಕಲಿತ ಮೇಲೆ ಬರೆಯುವೆನೆಂದು ಕಾದವರು ಇನ್ನೂ ಕಾಯುತ್ತಲೇ ಇದ್ದಾರೆ.

ಕಲಿಸುವವರೆಲ್ಲಿ ಎಂದು ವಾಚಕರು ಕೇಳಬಹುದು. ಇಂಗ್ಲಿಷ್ ಬೋಧಿಸುವವರನ್ನು ತರಬೇತುಗೊಳಿಸಲೆಂದೇ 1958ರಲ್ಲಿ ಸ್ಥಾಪಿತವಾದ ಕೇಂದ್ರ ಸಂಸ್ಥೆಯು, ಈಗ ವಿಶ್ವವಿದ್ಯಾಲಯವಾಗಿ, ನಮ್ಮ ರೈಲು ನಿಲ್ದಾಣದಿಂದ ಬಹುದೂರವಲ್ಲದ ತಾರ್ನಾಕಾದಲ್ಲಿದೆ. ಅಲ್ಲಿ ಓದುವವರಲ್ಲಿ ಒಬ್ಬಿಬ್ಬರನ್ನು ವಾರಕ್ಕೆರಡು ದಿನ ಕರೆತರುವುದು ನಮ್ಮ ಸಂಘಗಳಿಗೆ ಅಸಾಧ್ಯವೇ?

ಇನ್ನು ವೇಳೆಯ ಮಾತು. ಸ್ವತಃ ಹೋಟೆಲು ನಡೆಸಿದವರಾದುದರಿಂದ ಮಾಲಿಕರ ಕಷ್ಟವನ್ನು ನಾವು ಬಲ್ಲೆವು. ರಾತ್ರಿ ಹತ್ತರ ಮೇಲೆ ವರ್ಗವಿಟ್ಟರೆ ದಣಿದ ಕೈಯಿಂದ ಅಕ್ಷರ ಮೂಡದು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಎಣ್ಣೆ ಕಾಯಿಸುವವರೆಗೆ ಒಂದೂವರೆ ಗಂಟೆ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ಒಬ್ಬ ಹುಡುಗನನ್ನು ಬಿಟ್ಟುಕೊಟ್ಟರೆ ಗಲ್ಲಾ ಬರಿದಾಗದು. ಗುಮಾಸ್ತರಿಗೆ ಭಾನುವಾರದ ಬೆಳಗು ಅನುಕೂಲ. ಪರೀಕ್ಷಾ ಶುಲ್ಕದ ಅರ್ಧವನ್ನು ಮಾಲಿಕರು ವಹಿಸಿಕೊಂಡರೆ, ಉಳಿದರ್ಧವನ್ನು ಹುಡುಗರೇ ಸಂಬಳದಲ್ಲಿ ಉಳಿಸಿ ಕಟ್ಟಿಯಾರು.